ಕಳಚಿದ ಮನೆಗಳಿಗೆ ಮರುಹುಟ್ಟು ಕೊಟ್ಟವರು

ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ ಕಟ್ಟಿರುವುದು ಕಲ್ಲಿನಿಂದ. ಆದರೆ ಅದರ ಇಳಿಜಾರು ಮಾಡನ್ನೂ ಗೋಡೆಯ ಜಾಲರಿಯನ್ನೂ ನೋಡಿದವರಿಗೆ ನೆನಪಾಗುವುದು ಮರದ ಕೆಲಸ. ಕರಾವಳಿಯ ಮಳೆಗೆ ಒಗ್ಗಿದ ಬಡಗಿಯ ವಿದ್ಯೆಯನ್ನು ಶಿಲ್ಪಿ ಕಲ್ಲಿಗೆ ಇಳಿಸಿದ್ದಾನೆ. 16ನೆಯ ಶತಮಾನದ ಆ ಗುಡಿ ಉಳಿದಿದೆ. ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ಚತುರ್ಮುಖ ಬಸದಿ, ಕುಮಟಾ ತಾಲೂಕಿನ ಮಿರ್ಜಾನ್ ಕೋಟೆ ಕೂಡ ಉಳಿದಿವೆ. ಆದರೆ ಜನ ಬಾಳಿ ಬದುಕಿದ ಮರದ ಮನೆಗಳು ಎಲ್ಲಿ ಹೋದವು?

ಈ ಪ್ರಶ್ನೆಯನ್ನು ಬದುಕಿನುದ್ದಕ್ಕೂ ಹೊತ್ತು ತಿರುಗಿದವರು ಮಣಿಪಾಲದ ವಿಜಯನಾಥ ಶೆಣೈ. ಅವರು ಪುರಾತತ್ವ ಇಲಾಖೆಯ ಅಧಿಕಾರಿಯಲ್ಲ, ಸಿಂಡಿಕೇಟ್ ಬ್ಯಾಂಕಿನ ನೌಕರ. ಸಂಗೀತ, ಕಲೆಗಳ ಬಗ್ಗೆ ಅಪಾರ ಪ್ರೀತಿ. ಕರಾವಳಿಯ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು.

ಮನೆಗಳು ಉರುಳಲು ಕಾರಣಗಳು ಹಲವು. ಅವಿಭಕ್ತ ಕುಟುಂಬಗಳು ಪಾಲಾದವು. 1974ರ ಭೂಸುಧಾರಣೆಯಿಂದ ಗೇಣಿ ಮಾಡಿದವನಿಗೆ ಭೂಮಿ ಸಿಕ್ಕಿತು. ಅದು ನ್ಯಾಯವೇ. ಆದರೆ ಗೇಣಿಯ ಆದಾಯದಿಂದ ನಡೆಯುತ್ತಿದ್ದ ದೊಡ್ಡ ಮನೆಗಳಿಗೆ ವರ್ಷವರ್ಷ ಹೆಂಚು ಹೊದಿಸುವುದೂ ಭಾರವಾಯಿತು. ಮಕ್ಕಳು ದೂರದ ಊರುಗಳಿಗೆ ಹೋದರು. ಕೊನೆಗೆ ಮನೆಗಿಂತ ಅದರ ತೊಲೆ, ಕಂಬಗಳಿಗೇ ಹೆಚ್ಚು ಬೆಲೆ ಬಂತು.

ಶೆಣೈ ಅಂಥ ಮನೆಗಳ ಕಂಬ, ಬಾಗಿಲು, ಕಿಟಕಿಗಳನ್ನು ತಂದು ಮಣಿಪಾಲದಲ್ಲಿ ತಮಗೊಂದು ಮನೆ ಕಟ್ಟಿಕೊಂಡರು. ಅದರ ಹೆಸರು ‘ಹಸ್ತಶಿಲ್ಪ’. ಅದನ್ನು ನೋಡಲು ಜನ ಬರತೊಡಗಿದರು. ಆದರೆ ಬಿಡಿ ಕಂಬಗಳನ್ನು ಉಳಿಸಿದರೆ ಮನೆ ಉಳಿದಂತಾಗುವುದಿಲ್ಲ. ಜಗಲಿಯಲ್ಲಿ ಯಾರು ಕೂರುತ್ತಿದ್ದರು, ಒಳಗೆ ಯಾರ ಓಡಾಟವಿತ್ತು ಎಂಬುದನ್ನು ಹೇಳಲು ಇಡೀ ಮನೆಯೇ ಬೇಕು. ಮುಂದೆ ಶೆಣೈ ಇಡೀ ಮನೆಗಳನ್ನೇ ಕಳಚಿ ತಂದು, ಮಣಿಪಾಲದಲ್ಲಿ ಮತ್ತೆ ಜೋಡಿಸಿದರು. ಹೀಗೆ ರೂಪುಗೊಂಡದ್ದು ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಆರ್ಟರ್ ಹಜೇಲಿಯಸ್ 1891ರಲ್ಲಿ ಆರಂಭಿಸಿದ ‘ಸ್ಕಾನ್ಸೆನ್’ ಎಂಬ ಬಯಲು ಸಂಗ್ರಹಾಲಯದ್ದೂ ಇದೇ ದಾರಿ.

ಕುಕನೂರಿನ ಕಮಲ ಮಹಲು, ಮುಧೋಳ ಅರಮನೆಯ ದರ್ಬಾರ್ ಹಾಲ್ ಅಲ್ಲಿವೆ. ಅವುಗಳ ನಡುವೆ ಭಟ್ಕಳದ ನವಾಯತರ ಮನೆಯೂ ಇದೆ. ಅರಬ್ಬೀ ವ್ಯಾಪಾರಿಗಳ ಸಂತತಿಯೆಂದು ಹೇಳಿಕೊಳ್ಳುವ, ಕೊಂಕಣಿಗೆ ಅರಬ್ಬೀ, ಪಾರ್ಸಿ ಪದಗಳು ಬೆರೆತ ಮಾತನಾಡುವ ಸಮುದಾಯದ ಬಾಳುವೆ ಹೇಗಿತ್ತೆಂದು ಅದು ಹೇಳುತ್ತದೆ. ಅರಸನ ದರ್ಬಾರಿಗೆ ಸಿಕ್ಕ ಗೌರವವೇ ಗೃಹಸ್ಥನ ಮನೆಗೂ ಸಿಕ್ಕಿದೆ. ಶೆಣೈಯವರ ದೊಡ್ಡತನ ಇರುವುದು ಇಲ್ಲೇ.

ಆದರೂ ಒಂದು ಮಾತು ಮನಸ್ಸನ್ನು ಚುಚ್ಚುತ್ತದೆ. ಭಟ್ಕಳದ ಮನೆಯನ್ನು ನೋಡಲು ಭಟ್ಕಳದ ಮಕ್ಕಳು ಮಣಿಪಾಲಕ್ಕೆ ಹೋಗಬೇಕು! ಬೇರೆ ನೆಲದಲ್ಲಿ ನೆಟ್ಟ ಮನೆಗೆ ತನ್ನ ಕೇರಿ, ಬಾವಿ, ನೆರೆಹೊರೆ ಇರುವುದಿಲ್ಲ. ಮನೆ ತನ್ನ ಊರಲ್ಲೇ ಉಳಿಯುವುದು ಮೇಲು. ಅದು ಸಾಧ್ಯವಾಗದಾಗ ಕಳಚಿ ಉಳಿಸುವುದು ಕೊನೆಯ ದಾರಿ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ನೂರು ವರ್ಷ ದಾಟಿದ ಮಹತ್ವದ ಕಟ್ಟಡಗಳಿಗೆ ರಕ್ಷಣೆ ಕೊಡಬಲ್ಲದು, ನಿಜ. ಆದರೆ ನೂರು ವರ್ಷವಾದ ಮಾತ್ರಕ್ಕೆ ಯಾವ ಮನೆಗೂ ಆ ರಕ್ಷಣೆ ತಾನಾಗಿ ಬಾರದು. ಸರ್ಕಾರ ಅದನ್ನು ಸ್ಮಾರಕವೆಂದು ಘೋಷಿಸಬೇಕು. ಸಾಮಾನ್ಯ ಮನೆಯನ್ನು ಕಾಯಬೇಕಾದವರು ಮನೆಯವರೇ.

ಹಾಗೆಂದು ಸೋರುವ ಮನೆಯಲ್ಲೇ ಇರಿ ಎಂದು ಯಾರಿಗೂ ಹೇಳಲಾಗದು. ಆದರೆ ಕೆಡವುವ ಮುನ್ನ ಮಕ್ಕಳು ಟೇಪು ಹಿಡಿದು ಕೋಣೆಗಳನ್ನು ಅಳೆದು ನಕ್ಷೆ ಬರೆಯಬಹುದು, ಫೋಟೋ ತೆಗೆಯಬಹುದು, ಯಾವ ಮೂಲೆಯಲ್ಲಿ ಏನು ನಡೆಯುತ್ತಿತ್ತೆಂದು ಅಜ್ಜಿಯನ್ನು ಕೇಳಿ ಬರೆದಿಡಬಹುದು. ರಜೆಯಲ್ಲಿ ತಂದೆ ತಾಯಿಯರೂ ಜೊತೆಗೂಡಿದರೆ ಒಂದು ದಿನದ ಕೆಲಸ.

ವಿಜಯನಾಥ ಶೆಣೈ 2017ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರು ದುಡಿದ ಸಿಂಡಿಕೇಟ್ ಬ್ಯಾಂಕಿನ ಹೆಸರೂ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅವರು ತಂದು ನಿಲ್ಲಿಸಿದ ಮನೆಗಳು ಮಾತ್ರ ನಿಂತಿವೆ.