ಮಗಳ ಕನ್ನಡಿಯ ಮೂಲೆ

ಬೆಳಗಿನ ಎಂಟು ಗಂಟೆಯ ಹೊತ್ತು. ಯಜಮಾನರು ಕ್ಷೌರ ಮಾಡಿಕೊಳ್ಳಲೆಂದು ತಮ್ಮ ಎತ್ತರಕ್ಕೆ ಸರಿಯಾಗಿ ತೂಗುಹಾಕಿದ ಒಂದೇ ಕನ್ನಡಿ. ಅದರ ಮುಂದೆ ಮಣೆಯ ಮೇಲೆ ತುದಿಗಾಲಲ್ಲಿ ನಿಂತು ಬೈತಲೆ ತೆಗೆಯುತ್ತಿರುವ ಹನ್ನೊಂದು ವರ್ಷದ ಮಗಳು. “ಒಂದೇ ನಿಮಿಷ, ಅಪ್ಪಾ!” ಎಂದು ಅವಳು, “ಆಫೀಸಿಗೆ ಹೊತ್ತಾಯಿತಮ್ಮಾ” ಎಂದು ಅವರು. ಈ ನೋಟ ನಿಮ್ಮ ಮನೆಗೂ ಹೊಸದಲ್ಲವಷ್ಟೆ?

ಮಗಳು ಮಲಗುವ ಕೋಣೆಯಲ್ಲಿ ಅವಳದೇ ಆದ ಕನ್ನಡಿಯ ಮೂಲೆಯೊಂದನ್ನು ಮಾಡಿಕೊಟ್ಟರೆ ಈ ಗಡಿಬಿಡಿ ತಪ್ಪುತ್ತದೆ. ಅದಕ್ಕೆ ದೊಡ್ಡ ಮನೆ ಬೇಕಿಲ್ಲ; ಮೂರಡಿ ಅಗಲದ ಗೋಡೆ ಸಾಕು. ಅಂಗಡಿಗೆ ಹೋಗುವ ಮುನ್ನ ಮಗಳನ್ನು ಒಂದು ಮಾತು ಕೇಳಿ. ಬಣ್ಣ ಯಾವುದಿರಲಿ, ಬಳೆ ಎಲ್ಲಿರಲಿ ಎಂಬುದನ್ನು ಅವಳೇ ಹೇಳಲಿ. ತಾನು ಆರಿಸಿದ ವಸ್ತುವನ್ನು ಮಕ್ಕಳು ಜೋಪಾನ ಮಾಡುವಷ್ಟು ಕೊಟ್ಟ ವಸ್ತುವನ್ನು ಮಾಡುವುದಿಲ್ಲ.

ಮೊದಲು ಕನ್ನಡಿ. ಅಡಿಯಿಂದ ಮುಡಿಯವರೆಗೆ ಕಾಣಬೇಕಾದರೆ ಆಳೆತ್ತರದ ಕನ್ನಡಿಯೇ ಬೇಕೆಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಗೋಡೆಗೆ ನೇರವಾಗಿ ಕೂರಿಸಿದ ಕನ್ನಡಿ ನೋಡುವವರ ಎತ್ತರದ ಅರ್ಧದಷ್ಟಿದ್ದರೆ ಸಾಕು. ಹತ್ತಿರ ನಿಂತರೂ ದೂರ ನಿಂತರೂ ಲೆಕ್ಕ ಅದೇ. ಅದರ ಕೆಳಅಂಚು ಕಣ್ಣಿನ ಎತ್ತರದ ಅರ್ಧಕ್ಕೂ, ಮೇಲಂಚು ಕಣ್ಣು ಮತ್ತು ನೆತ್ತಿಗಳ ನಡುವಿಗೂ ಬರಬೇಕು. ನಾಲ್ಕೂವರೆ ಅಡಿಯ ಹುಡುಗಿಗೆ 27 ಅಂಗುಲ ಸಾಕಾಯಿತು. ಆದರೆ ಮಗಳು ಬೆಳೆಯುವವಳು. ಆದುದರಿಂದ 3 ಅಡಿ ಉದ್ದದ ಕನ್ನಡಿಯನ್ನು ನೆಲದಿಂದ 2 ಅಡಿ ಮೇಲೆ ಕೂರಿಸಿ. ಅವಳು 5 ಅಡಿ 2 ಅಂಗುಲ ಬೆಳೆಯುವವರೆಗೂ ಅದನ್ನು ಕದಲಿಸುವ ಪ್ರಮೇಯ ಬಾರದು. ಅದರ ಪಕ್ಕಕ್ಕೆ ಎರಡೂವರೆ ಅಡಿ ಎತ್ತರದ ಚಿಕ್ಕ ಮೇಜು, ಒಂದೂವರೆ ಅಡಿ ಎತ್ತರದ ಪೀಠ, ಮೇಜಿನ ಮೇಲೊಂದು ನಿಲ್ಲಿಸುವ ಕೈಗನ್ನಡಿ ಇದ್ದರೆ ಕುಳಿತು ಜಡೆ ಹೆಣೆದುಕೊಳ್ಳಲೂ ಅನುಕೂಲ.

ಗಾಜಿನ ಹಿಂದೆ ಬೆಳ್ಳಿಯ ತೆಳುಪೊರೆ ಹತ್ತಿಸುವ ರಾಸಾಯನಿಕ ಕ್ರಮವನ್ನು ಜರ್ಮನಿಯ ವಿಜ್ಞಾನಿ ಲೀಬಿಗ್ 1835ರಲ್ಲಿ ತೋರಿಸಿಕೊಟ್ಟನು. ಆ ಪೊರೆಗೆ ತೇವವೇ ಶತ್ರು. ನೀರು ಅಂಚಿನಿಂದ ಒಳಗಿಳಿದರೆ ಕಪ್ಪು ಕಲೆಗಳೇಳುತ್ತವೆ. ಕನ್ನಡಿಯ ಮೇಲೆ ನೀರು ಚಿಮುಕಿಸದೆ, ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಒರೆಸಿ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆ ಬೇಡ. ಮೊಳೆಯೊಂದನ್ನೇ ನಂಬದೆ, ಕನ್ನಡಿಯನ್ನೂ ಸೆಳೆಖಾನೆಗಳಿರುವ ಮೇಜನ್ನೂ ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ. ಚಿಕ್ಕ ತಮ್ಮನೋ ತಂಗಿಯೋ ತೆರೆದ ಸೆಳೆಖಾನೆಗೆ ಜೋತುಬಿದ್ದರೆ ಮೇಜೇ ಮೈಮೇಲೆ ಬೀಳಬಹುದು.

ಇನ್ನು ಬೆಳಕು. ಬೆಳಕು ಬೀಳಬೇಕಾದುದು ಮುಖದ ಮೇಲೆ, ಕನ್ನಡಿಯ ಮೇಲಲ್ಲ. ಕಿಟಕಿಗೆ ಬೆನ್ನುಮಾಡಿ ಕುಳಿತರೆ ಮುಖ ಕಪ್ಪಾಗಿಯೇ ಕಾಣುತ್ತದೆ, ಕಿಟಕಿ ಪಕ್ಕಕ್ಕಿರಲಿ. ನೆತ್ತಿಯ ಮೇಲಿನ ಒಂಟಿ ದೀಪ ಕಣ್ಣಿನ ಕೆಳಗೂ ಗದ್ದದ ಕೆಳಗೂ ನೆರಳು ಚೆಲ್ಲುತ್ತದೆ. ಕನ್ನಡಿಯ ಎರಡು ಬದಿಗೂ, ಮುಖದ ಎತ್ತರಕ್ಕೆ, ಒಂದೊಂದು ಚಿಕ್ಕ ಎಲ್.ಇ.ಡಿ. ದೀಪ ಹಾಕಿದರೆ ನೆರಳೆಲ್ಲ ಮಾಯ.

ಅಲಂಕಾರಕ್ಕೆ ದೂರ ಹೋಗಬೇಕಾಗಿಲ್ಲ. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕಂಟುತ್ತದೆ. ಕೇದಗೆಯ ಎಲೆಯಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಅಂಥ ಕುಂಕುಮದ ಭರಣಿ, ಪಿನ್ನಿನ ಡಬ್ಬಿಗಳು ಮೇಜಿಗೆ ಕಳೆ ಕೊಡುತ್ತವೆ. ಮೇಜಿನ ಹೊದಿಕೆಗೆ ಧಾರವಾಡದ ಕಡೆಯ ಕಸೂತಿ ಸೊಗಸು. ಅದರ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ. ಎರಡು ಮಗ್ಗುಲೂ ಒಂದೇ ತೆರನಾಗಿ ಕಾಣುತ್ತವೆ. ಅಜ್ಜಿಗೆ ಬರುತ್ತಿದ್ದರೆ ಮೊಮ್ಮಗಳು ಕಲಿಯಲು ಇದೇ ಸಮಯ. ಬೆಳ್ಳಿಯ ಒಡವೆಗಳನ್ನು ಒಣಗಿದ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ರಬ್ಬರ್ ಬ್ಯಾಂಡುಗಳಿಂದ ದೂರವಿಡಿ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಮೇಜಿನ ಮೇಲೆ ಏನಿರಬೇಕೆಂಬುದಕ್ಕಿಂತ ಏನಿರಬಾರದೆಂಬುದು ಮುಖ್ಯ. ಮುಖ ಬಿಳಿಮಾಡುವುದಾಗಿ ಹೇಳಿಕೊಳ್ಳುವ ಕೆಲವು ಕ್ರೀಮುಗಳಲ್ಲಿ ಪಾದರಸವೂ, ಹೆಸರು ವಿಳಾಸವಿಲ್ಲದ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸವೂ ಪರೀಕ್ಷೆಗಳಲ್ಲಿ ಕಂಡುಬಂದಿವೆ. ಪಾದರಸ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ಸೀಸ ಬೆಳೆಯುವ ಮಕ್ಕಳ ಮಿದುಳಿಗೆ ಕೆಟ್ಟದ್ದು. ತಯಾರಕರ ಹೆಸರು, ತಯಾರಾದ ತಾರೀಖುಗಳಿಲ್ಲದ ಡಬ್ಬಿ ಮನೆಯೊಳಗೆ ಬಾರದಿರಲಿ.

ಡಬ್ಬಿಯಲ್ಲಿ ಬಾರದ ವಿಷವೂ ಒಂದುಂಟು. “ಅಕ್ಕನಷ್ಟು ಬೆಳ್ಳಗಿಲ್ಲ”, “ಮೂಗು ಕೊಂಚ ಮೊಂಡು” ಎಂದು ಬಂದ ನೆಂಟರು ನಗುತ್ತಾ ಆಡುವ ಮಾತನ್ನು ಹುಡುಗಿ ಕನ್ನಡಿಯ ಮುಂದೆ ಒಬ್ಬಳೇ ನಿಂತು ನೆನೆಯುತ್ತಾಳೆ. ಆಗ ನಾವು ಇಷ್ಟು ಆಸ್ಥೆಯಿಂದ ಮಾಡಿಕೊಟ್ಟ ಮೂಲೆಯೇ ಅವಳಿಗೆ ಕಟಕಟೆಯಾಗುತ್ತದೆ. ಅಂಥ ಮಾತು ನಿಮ್ಮ ಮನೆಯಲ್ಲಿ ಬಂದರೆ, ನೆಂಟರು ಎಷ್ಟೇ ಹಿರಿಯರಾಗಿರಲಿ, ಅಲ್ಲಿಯೇ ನಯವಾಗಿ ತಡೆಯಿರಿ. ಮಗಳ ಕಿವಿಗೆ ಬೀಳುವಂತೆ ತಡೆಯಿರಿ.

ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದುದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಅಲ್ಲಿಯ ದರ್ಪಣ ಸುಂದರಿಯನ್ನು ನೀವು ನೋಡಿರಬಹುದು. ಕೈಯಲ್ಲಿ ಕನ್ನಡಿ ಹಿಡಿದ ಆ ಶಿಲಾಬಾಲಿಕೆಯ ಮುಖದಲ್ಲಿ ಕೊರತೆ ಹುಡುಕುವವಳ ಚಿಂತೆಯಿಲ್ಲ; ನೆಮ್ಮದಿಯಿದೆ. ನಿಮ್ಮ ಮಗಳೂ ಬೆಳಗ್ಗೆ ಜಡೆ ಹೆಣೆದು, ಹಣೆಗಿಟ್ಟುಕೊಂಡು, ಹಾಗೆಯೇ ಒಮ್ಮೆ ನೋಡಿಕೊಂಡು ಶಾಲೆಗೆ ಹೊರಟಳೆಂದರೆ ಆ ಮೂಲೆಗೆ ಮಾಡಿದ ಖರ್ಚು ಸಾರ್ಥಕ. ಅಪ್ಪನ ಕನ್ನಡಿಯೂ ಅಪ್ಪನಿಗೆ ಸಿಕ್ಕಿತು!