ಕಾವು ತಪ್ಪಿದರೂ ಮಿಡಿಯುವ ಜೀವ

ಕಾವಿಗಿಟ್ಟು ವಾರವಾದ ನಾಟಿ ಕೋಳಿಮೊಟ್ಟೆಯೊಂದನ್ನು ಕತ್ತಲ ಕೋಣೆಗೆ ಒಯ್ದು, ಅದರ ದಪ್ಪ ತುದಿಯನ್ನು ಟಾರ್ಚಿನ ಬಾಯಿಗೆ ಒತ್ತಿ ಹಿಡಿದು ನೋಡಿ! ಇಡೀ ಮೊಟ್ಟೆ ಒಳಗಿಂದ ಕೆಂಪಗೆ ಬೆಳಗುತ್ತದೆ. ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡನ ಬಲೆಯಂತೆ ಹಬ್ಬಿದ ರಕ್ತನಾಳಗಳು. ನೋಡನೋಡುತ್ತ ಆ ಚುಕ್ಕೆ ಅಲುಗುತ್ತದೆ. ಅದು ಕಣ್ಣು! ಇನ್ನೂ ಪುಕ್ಕವಿಲ್ಲ, ಆದರೆ ಹೃದಯ ಮಾತ್ರ ಎರಡನೇ ದಿನ ಕಳೆಯುವ ಹೊತ್ತಿಗೇ ಬಡಿಯಲು ತೊಡಗಿದೆ. ಮೂರು ದಿನ ಕಾವು ಪಡೆದ ಮೊಟ್ಟೆಯಲ್ಲಿ ನೆತ್ತರಿನ ಚುಕ್ಕೆಯೊಂದು ಜೀವವಿರುವಂತೆ ಮಿಡಿಯುವುದನ್ನು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಅರಿಸ್ಟಾಟಲ್ ದಾಖಲಿಸಿದ್ದ. ಅವನು ಕಂಡಿದ್ದನ್ನೇ ಇವತ್ತು ಮಲೆನಾಡಿನ ಯಾವುದೋ ಮನೆಯ ಉಗ್ರಾಣದಲ್ಲಿ ಒಂದು ಥರ್ಮೋಕೋಲ್ ಡಬ್ಬಿ, ಒಂದು ಬಲ್ಬು, ಒಂದು ಬಟ್ಟಲು ನೀರು ಇಟ್ಟುಕೊಂಡು ನಾವೂ ಕಾಣಬಹುದು.

ಆದರೆ ಮಲೆನಾಡಿನಲ್ಲಿ ಮಳೆಗಾಲವೂ ಇದೆ. ಗಾಳಿ ಎದ್ದಿತು, ಎಲ್ಲೋ ಲೈನಿನ ಮೇಲೆ ಮರ ಬಿತ್ತು, ಕರೆಂಟು ಹೋಯಿತು. 37.5 ಡಿಗ್ರಿಯಲ್ಲಿ ನಿಲ್ಲಿಸಿದ್ದ ಕಾವು 35ಕ್ಕೆ, 32ಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತದೆ. ಎಲ್ಲ ಮುಗಿಯಿತು ಅನಿಸುವ ಹೊತ್ತು ಅದು.

ಮುಗಿದಿರುವುದಿಲ್ಲ! ಮೊಟ್ಟೆಗೆ ಕಾವು ತಪ್ಪುವುದು ಹೊಸದೇ ಅಲ್ಲ. ಕೋಳಿ ಮೊಟ್ಟೆ ಇಡುವಾಗಲೇ ಒಳಗಿನ ಭ್ರೂಣ ಹತ್ತಾರು ಸಾವಿರ ಜೀವಕೋಶಗಳಷ್ಟು ಬೆಳೆದಿರುತ್ತದೆ. ಹೊರಬಂದು ತಣ್ಣಗಾದೊಡನೆ ಆ ಬೆಳವಣಿಗೆ ನಿಂತುಬಿಡುತ್ತದೆ, ಭ್ರೂಣ ಸಾಯುವುದಿಲ್ಲ, ಸುಮ್ಮನೆ ಕಾಯುತ್ತದೆ. ಹೇಟೆ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಆಮೇಲೆ ಕಾವಿಗೆ ಕೂತರೂ ಮೊದಲ ಮೊಟ್ಟೆಯ ಮರಿಯೂ ಕೊನೆಯದರ ಮರಿಯೂ ಹೆಚ್ಚುಕಡಿಮೆ ಒಟ್ಟಿಗೇ ಹೊರಬರುವ ಗುಟ್ಟು ಇದೇ. ಕಾವಿಗೆ ಕೂತ ಮೇಲೂ ಅವಳು ದಿನಕ್ಕೊಮ್ಮೆ ಎದ್ದು ಹೋಗುತ್ತಾಳೆ, ಮೇಯುತ್ತಾಳೆ, ನೀರು ಕುಡಿಯುತ್ತಾಳೆ, ಮಣ್ಣಿನಲ್ಲಿ ಹೊರಳಿ ಬರುತ್ತಾಳೆ. ಅಷ್ಟು ಹೊತ್ತೂ ಮೊಟ್ಟೆಗಳು ಗಾಳಿಗೆ ಬಿದ್ದಿರುತ್ತವೆ. ಕಾವು ಕಡಿತವೆನ್ನುವುದು ವಿದ್ಯುತ್ತು ಹುಟ್ಟುವುದಕ್ಕೆ ಮುಂಚಿನಿಂದಲೂ ಕೋಳಿಗೂಡಿನಲ್ಲಿ ದಿನಾ ನಡೆಯುತ್ತ ಬಂದದ್ದು! 32 ಡಿಗ್ರಿಗಿಂತ ಕೆಳಗೆ 18 ಗಂಟೆಯವರೆಗೆ ಇದ್ದೂ ಭ್ರೂಣಗಳು ಬದುಕಿ ಉಳಿದದ್ದಿದೆ.

ಇದಕ್ಕಿಂತಲೂ ದೊಡ್ಡ ಬೆರಗು ಬೇರೆಯೇ ಇದೆ. ದಿನ ತುಂಬುತ್ತ ಬಂದ ಮೊಟ್ಟೆ ತಾನೇ ಶಾಖ ಹೊಮ್ಮಿಸತೊಡಗುತ್ತದೆ! ಒಳಗಿನ ಮರಿ ಹಳದಿಯಲ್ಲಿರುವ ಕೊಬ್ಬನ್ನು ಉರಿಸಿಕೊಂಡು ಬೆಳೆಯುತ್ತದೆ, ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ, ಆ ಉರಿಯ ಬಿಸಿ ಚಿಪ್ಪಿನಾಚೆಗೂ ದಾಟುತ್ತದೆ. ಚೀನಾದಲ್ಲಿ, ಬಾಂಗ್ಲಾದೇಶದಲ್ಲಿ ಬಾತುಮೊಟ್ಟೆ ಮರಿ ಮಾಡಿಸುವವರು ಇದನ್ನು ಬಳಸಿಕೊಂಡೇ ಕಸುಬು ಕಟ್ಟಿದರು. ಭತ್ತದ ಹೊಟ್ಟಿನ ನಡುವೆ ಹಳೆಯ ಮೊಟ್ಟೆಗಳ ಪಕ್ಕದಲ್ಲಿ ಹೊಸ ಮೊಟ್ಟೆಗಳನ್ನಿಟ್ಟು ಮುಚ್ಚಿದರೆ ಅಣ್ಣಂದಿರ ಮೈಬಿಸಿಯಲ್ಲಿ ತಮ್ಮಂದಿರು ಬೆಳೆಯುತ್ತಾರೆ. ಈಜಿಪ್ಟಿನವರಂತೂ ಮಣ್ಣಿಟ್ಟಿಗೆಯ ದೊಡ್ಡ ಗೂಡೊಲೆ ಕಟ್ಟಿ, ಸಗಣಿ ಹುಲ್ಲು ಉರಿಸಿ, ಸಾವಿರಗಟ್ಟಲೆ ಮರಿ ಮಾಡಿಸಿದರು. ಥರ್ಮಾಮೀಟರ್ ಇಲ್ಲ! ಮೊಟ್ಟೆಯನ್ನು ಕಣ್ಣರೆಪ್ಪೆಗೆ ಒತ್ತಿಕೊಂಡು ಕಾವು ಅಳೆಯುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೇಯೊಮೂರ್ ಆ ಒಲೆಗಳಿಗೆ ಮನಸೋತು, ತಾನೂ ಪ್ರಯೋಗ ಮಾಡಿ 1749ರಲ್ಲಿ ಪುಸ್ತಕವನ್ನೇ ಬರೆದ. ನಮ್ಮ ಡಬ್ಬಿಯ ಬಲ್ಬು ಆರಿದಾಗ ನಾವು ನಿಂತಿರುವುದು ಅವರೆಲ್ಲ ನಿಂತಿದ್ದ ಜಾಗದಲ್ಲೇ.

ಹಾಗಾಗಿ ಕರೆಂಟು ಹೋದೊಡನೆ ಮಾಡಬೇಕಾದ ಮೊದಲ ಕೆಲಸ, ಡಬ್ಬಿಯ ಮುಚ್ಚಳ ತೆರೆಯದೇ ಇರುವುದು. ಇಣುಕಿದಷ್ಟೂ ಕಾವು ಸೋರುತ್ತದೆ. ಮೇಲೆ ಕಂಬಳಿ ಹೊದಿಸಿ, ಗಾಳಿಯ ತೂತುಗಳನ್ನು ಮಾತ್ರ ಪೂರ್ತಿ ಕಟ್ಟಬೇಡಿ, ಒಳಗಿರುವವರು ಉಸಿರಾಡುತ್ತಿದ್ದಾರೆ. ಹೊತ್ತು ಕಳೆದರೂ ಕರೆಂಟು ಬಾರದಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಮೊಟ್ಟೆಗೆ ತಾಗದಂತೆ ಒಳಗಿಡಿ, ಆರಿದಾಗ ಬದಲಿಸಿ. ಗಾಬರಿಯಲ್ಲಿ ಹೆಚ್ಚು ಬಿಸಿ ಮಾಡುವುದೇ ನಿಜವಾದ ಅಪಾಯ. ತಂಪನ್ನು ತಡೆದುಕೊಳ್ಳುವ ಈ ಜೀವ 40 ಡಿಗ್ರಿ ದಾಟಿದ ಬಿಸಿಯನ್ನು ಹೆಚ್ಚು ಹೊತ್ತು ತಾಳಲಾರದು. ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ, ಕೊನೆಯ ವಾರದ ಮೊಟ್ಟೆಗಳು ತುಂಬಿದ ಡಬ್ಬಿಯ ಫ್ಯಾನು ನಿಂತರೆ ಲೆಕ್ಕ ಪೂರಾ ತಿರುಗುಮುರುಗು. ಅಲ್ಲಿ ಕಂಬಳಿ ಬೇಡವೇ ಬೇಡ, ಗಾಳಿಯಾಡಲು ದಾರಿ ಬಿಡಬೇಕು.

ಕರೆಂಟು ಬಂದ ಮೇಲೆ ಎಂದಿನಂತೆ ದಿನಕ್ಕೆ ಮೂರು ಸಲವಾದರೂ ಮೊಟ್ಟೆ ಹೊರಳಿಸುತ್ತ ಬನ್ನಿ, 18ನೇ ದಿನ ಹೊರಳಿಸುವುದನ್ನು ನಿಲ್ಲಿಸಿ ತೇವ ಹೆಚ್ಚಿಸಿ. ಕರೆಂಟು ಹೋದ ನಾಲ್ಕೈದು ದಿನಗಳ ಬಳಿಕ ಮತ್ತೆ ಟಾರ್ಚು ಹಿಡಿದು ನೋಡಿದರೆ ಯಾವುದು ಬೆಳೆಯುತ್ತಿದೆ, ಯಾವುದು ನಿಂತಿದೆ ಎಂದು ಗೊತ್ತಾಗುತ್ತದೆ. ಕೆಲವು ಹೋಗಿರಬಹುದು. ಉಳಿದವು ಕಳೆದುಕೊಂಡ ಹೊತ್ತನ್ನು ಕೂಡಿಸಿಕೊಂಡು ಒಂದೆರಡು ದಿನ ತಡವಾಗಿ ಬರುತ್ತವೆ. 21ನೇ ದಿನ ಸದ್ದಿಲ್ಲವೆಂದು ಎಸೆಯಬೇಡಿ, 23ರವರೆಗಾದರೂ ಕಾಯಿರಿ, ಕಿವಿಗೆ ಹಿಡಿದು ಕೇಳಿರಿ. ಚಿಪ್ಪು ಒಡೆಯುವ ಮೊದಲೇ ಮರಿ ಒಳಗಿನ ಗಾಳಿಗೂಡಿಗೆ ಕೊಕ್ಕು ತೂರಿಸಿ ಮೊದಲ ಉಸಿರೆಳೆದು ಚಿಂವ್‌ಗುಟ್ಟುತ್ತಿರುತ್ತದೆ!