ಹಿತ್ತಲ ಗಿಡಕ್ಕೆ ಸೋಪಿನ ನೀರು

ಸೋಪಿನ ನೀರು ಮೆತ್ತನೆಯ ಮೈಯ ಕೀಟಗಳನ್ನು ಮುಟ್ಟಿ ಕೊಲ್ಲುವ ಔಷಧ. ಅದು ಹುಳುವಿನ ಹೊಟ್ಟೆಗೆ ಹೋಗಿ ವಿಷವಾಗುವುದಿಲ್ಲ, ಗಿಡದ ರಸಕ್ಕೆ ಸೇರಿ ಒಳಗಿನಿಂದ ಕೆಲಸ ಮಾಡುವುದೂ ಇಲ್ಲ. ಹುಳುವಿನ ಮೈಗೆ ತಾಗಬೇಕು, ತಾಗಿದ ಮೇಲೆ ಸ್ವಲ್ಪ ಹೊತ್ತು ಹಸಿಯಾಗಿಯೇ ಇರಬೇಕು. ಒಣಗಿ ಎಲೆಯ ಮೇಲೆ ಕುಳಿತ ಸೋಪಿನ ಪದರಕ್ಕೆ ಕೊಲ್ಲುವ ಶಕ್ತಿ ಇಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಹಿತ್ತಲುಗಳಲ್ಲಿ ಇದೇ ಸೋಪಿನ ನೀರು ಒಮ್ಮೆ ಫಲ ಕೊಟ್ಟು ಇನ್ನೊಮ್ಮೆ ಕೈಕೊಡುವುದಕ್ಕೆ, ಕೆಲವೊಮ್ಮೆ ಎಲೆಯನ್ನೇ ಸುಡುವುದಕ್ಕೆ ಕಾರಣ ಈ ಗುಣದಲ್ಲೇ ಇದೆ. ಇಲ್ಲಿನ ಬಿಸಿಲು ಹನಿಯನ್ನು ಬೇಗ ಒಣಗಿಸುತ್ತದೆ. ಇಲ್ಲಿನ ಬೋರಿನ ನೀರು ಗಿಡ ಮುಟ್ಟುವ ಮೊದಲೇ ಸೋಪನ್ನು ಕೆಡಿಸುತ್ತದೆ. ಫಲ ಸಿಗದಿದ್ದಾಗ ಜನ ಸೋಪಿನ ಪ್ರಮಾಣ ಹೆಚ್ಚಿಸುತ್ತಾರೆ. ಬದಲಿಸಬೇಕಾದದ್ದು ಪ್ರಮಾಣವಲ್ಲ, ನೀರು ಮತ್ತು ಹೊತ್ತು.

ದಾಸವಾಳದ ಕುಡಿಯಲ್ಲಿ ಬಿಳಿ ಹಿಟ್ಟು ತಿಗಣೆ ಕೂತಿರುವುದನ್ನು ಹತ್ತಿರದಿಂದ ನೋಡಿದರೆ ಸೋಪಿನ ಕೆಲಸ ಅರ್ಥವಾಗುತ್ತದೆ. ಬರೀ ನೀರು ಚಿಮುಕಿಸಿದರೆ ಹನಿಗಳು ಮುತ್ತಿನಂತೆ ದುಂಡಗೆ ನಿಂತು, ಕೊಂಬೆ ಅಲುಗಿದ ಕೂಡಲೇ ಉರುಳಿ ಬೀಳುತ್ತವೆ. ತಿಗಣೆಯ ಮೈ ಒದ್ದೆಯಾಗುವುದೇ ಇಲ್ಲ, ಏಕೆಂದರೆ ಹಿಟ್ಟಿನಂತೆ ಕಾಣುವ ಆ ಪುಡಿ ಮೇಣ. ಅದೇ ನೀರಿಗೆ ಸೋಪು ಬೆರೆಸಿ ಸಿಂಪಡಿಸಿದರೆ ಹನಿ ನಿಲ್ಲುವುದಿಲ್ಲ, ಹರಡುತ್ತದೆ. ಬಿಳಿ ಪುಡಿ ನೆನೆದು ಒಳಗಿನ ನಸುಗೆಂಪು ಮೈ ಕಾಣಿಸಿಕೊಳ್ಳುತ್ತದೆ. ಸೋಪಿನ ಅಣುವಿನ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ. ಹೀಗಾಗಿ ನೀರಿನ ಮೇಲ್ಮೈ ಬಿಗಿತ ಅರ್ಧಕ್ಕಿಂತ ಕೆಳಗಿಳಿದು, ಕೀಟದ ಮೇಣದ ಹೊದಿಕೆ ಸಡಿಲಗೊಳ್ಳುತ್ತದೆ. ಕೀಟಗಳು ಉಸಿರಾಡುವುದು ಮೈಯ ಪಕ್ಕದಲ್ಲಿರುವ ಸಣ್ಣ ರಂಧ್ರಗಳಿಂದ. ಬರೀ ನೀರು ಒಳಹೋಗದ ಆ ರಂಧ್ರಗಳಿಗೆ ಸೋಪಿನ ನೀರು ಇಳಿಯುತ್ತದೆ. ಸೋಪಿನಲ್ಲಿರುವ ಕೊಬ್ಬಿನಾಮ್ಲ ಜೀವಕೋಶಗಳ ಪೊರೆಯನ್ನು ಒಡೆಯುತ್ತದೆ, ಒಳಗಿನ ದ್ರವ ಸೋರುತ್ತದೆ, ಹುಳು ಒಣಗಿ ಸಾಯುತ್ತದೆ.

ಈ ರೀತಿ ಸಾಯುವುದು ತೆಳು ಚರ್ಮದ, ನಿಧಾನವಾಗಿ ಚಲಿಸುವ ಕೀಟಗಳು ಮಾತ್ರ. ಅವರೆ, ಅಲಸಂದೆಯ ಕುಡಿಗೆ ಮುತ್ತುವ ಕಪ್ಪು ಹೇನು, ಎಕ್ಕದ ಗಿಡದ ಮೇಲಿನ ಹಳದಿ ಹೇನು, ಬದನೆ ಮತ್ತು ಬೆಂಡೆಯ ಎಲೆಯಡಿಯ ಬಿಳಿನೊಣದ ಮರಿ, ಜೇಡನುಸಿ, ಆಗಷ್ಟೇ ಮೊಟ್ಟೆಯಿಂದ ಹೊರಬಂದ ಶಲ್ಕಕೀಟದ ಮರಿ, ಹಿಟ್ಟು ತಿಗಣೆ, ಇವು ಸೋಪಿಗೆ ಬಗ್ಗುತ್ತವೆ. ಗಟ್ಟಿ ರೆಕ್ಕೆಯ ದುಂಬಿಗಳಿಗೆ, ಬೆಳೆದ ಕಂಬಳಿಹುಳುಗಳಿಗೆ ಅದು ತಾಗುವುದಿಲ್ಲ. ಬದನೆಕಾಯಿಯ ಒಳಗೆ ಕೊರೆದು ಕೂತ ಹುಳುವಿಗೂ ತಲುಪುವುದಿಲ್ಲ. ಬೆಂಡೆಗೆ ಬರುವ ಹಳದಿ ನಂಜು ರೋಗವನ್ನು ಹರಡುವುದು ಬಿಳಿನೊಣ. ಸೋಪಿನ ನೀರು ನೊಣವನ್ನು ಕಡಿಮೆ ಮಾಡಬಲ್ಲದೇ ಹೊರತು ಆಗಲೇ ಹಳದಿಯಾದ ಎಲೆಯನ್ನು ಹಸಿರು ಮಾಡಲಾರದು. ಅಂಥ ಗಿಡ ಕಿತ್ತುಹಾಕುವುದೇ ಸರಿ. ಹಂಪಿ, ಕಮಲಾಪುರದ ಬಾಳೆ ತೋಟಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವಿಜಯನಗರ ಕಾಲದ ತುರ್ತು ಕಾಲುವೆ ಇಂದಿಗೂ ನೀರುಣಿಸುವ ಆ ತೋಟಗಳಲ್ಲಿ ಬಂಚಿಟಾಪ್ ನಂಜನ್ನು ಹೊತ್ತು ತಿರುಗಬಲ್ಲದ್ದು ಬಾಳೆ ಹೇನು. ಅದು ಎಲೆಬುಡದ ಸಂದಿಯಲ್ಲಿ ಅಡಗುವುದರಿಂದ ಮೇಲಿಂದ ಚಿಮುಕಿಸಿದ ಸೋಪು ಅದನ್ನು ಮುಟ್ಟುವುದೇ ಇಲ್ಲ.

ಸೋಪನ್ನು ಕೀಟನಾಶಕವಾಗಿ ಬಳಸುವುದು ಹೊಸದೇನಲ್ಲ. 19ನೇ ಶತಮಾನದಲ್ಲಿ ಪಶ್ಚಿಮದ ಹಣ್ಣಿನ ತೋಟಗಳಲ್ಲಿ ತಿಮಿಂಗಿಲದ ಎಣ್ಣೆಯ ಸೋಪು ಬಳಕೆಯಲ್ಲಿತ್ತು. ಭಾರತದಲ್ಲಿ ಮೀನೆಣ್ಣೆ ಮತ್ತು ರಾಳದಿಂದ ಮಾಡಿದ ಸೋಪನ್ನು ಹಿಟ್ಟು ತಿಗಣೆಗೆ ಲೀಟರಿಗೆ 25 ಗ್ರಾಂನಂತೆ ಬಳಸುವ ಶಿಫಾರಸು ಈಗಲೂ ಇದೆ. ಎರಡನೇ ಮಹಾಯುದ್ಧದ ನಂತರ ಡಿಡಿಟಿಯಂಥ ರಾಸಾಯನಿಕಗಳು ಬಂದು ಸೋಪು ಮೂಲೆಗೆ ಸರಿಯಿತು. ಅವುಗಳಿಗೆ ಕೀಟಗಳು ಒಗ್ಗಿಕೊಂಡಾಗ, ನೀರು ಮಣ್ಣುಗಳಲ್ಲಿ ವಿಷ ಉಳಿಯುವುದು ತಿಳಿದಾಗ ಅದು ಮರಳಿ ಬಂತು. ಕರ್ನಾಟಕದ ಮಟ್ಟಿಗೆ ಹೇಳಲೇಬೇಕಾದ ಕೆಲಸ ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯದು. ಅಲ್ಲಿ ಬೇವಿನ ಸೋಪು ಮತ್ತು ಹೊಂಗೆ ಸೋಪು ರೂಪುಗೊಂಡವು. ಲೀಟರಿಗೆ 5ರಿಂದ 10 ಗ್ರಾಂ ಕರಗಿಸಿ ತರಕಾರಿಗಳಿಗೆ ಸಿಂಪಡಿಸುವ ಈ ಬಿಲ್ಲೆಗಳು ರಸ ಹೀರುವ ಕೀಟಗಳಷ್ಟೇ ಅಲ್ಲ, ಎಲೆಕೋಸಿನ ವಜ್ರಬೆನ್ನಿನ ಪತಂಗದ ಮೇಲೂ ಪರಿಣಾಮ ಬೀರುತ್ತವೆ.

ಬೇವು, ಹೊಂಗೆಗಳ ಆಯ್ಕೆಯ ಹಿಂದೆ ರಸಾಯನಶಾಸ್ತ್ರವಿದೆ. ಎಲ್ಲ ಕೊಬ್ಬಿನಾಮ್ಲಗಳೂ ಕೀಟಗಳನ್ನು ಒಂದೇ ಬಗೆಯಲ್ಲಿ ಕೊಲ್ಲುವುದಿಲ್ಲ. 18 ಇಂಗಾಲಗಳ ಸರಪಳಿಯ ಓಲಿಯಿಕ್ ಆಮ್ಲದ ಸೋಪು ಹೆಚ್ಚು ಪರಿಣಾಮಕಾರಿ. ಬೇವಿನೆಣ್ಣೆ, ಹೊಂಗೆ ಎಣ್ಣೆ ಎರಡರಲ್ಲೂ ಮುಖ್ಯ ಭಾಗ ಅದೇ. ಸೋಪಿನಲ್ಲಿ ಕೊಬ್ಬಿನಾಮ್ಲದ ಜೊತೆಗಿರುವ ಲೋಹವೂ ಮುಖ್ಯ. ಕಾಸ್ಟಿಕ್ ಸೋಡಾದಿಂದ ಗಟ್ಟಿ ಬಾರ್ ಸೋಪು ಆಗುತ್ತದೆ, ಕಾಸ್ಟಿಕ್ ಪೊಟ್ಯಾಶ್‌ನಿಂದ ಮೆತ್ತನೆಯ ಸೋಪು ಆಗುತ್ತದೆ. ಪೊಟ್ಯಾಸಿಯಂ ಗಿಡಕ್ಕೆ ಆಹಾರ, ಸೋಡಿಯಂ ಹಾಗಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳು ಭೂಮಿಯ ಕಷ್ಟ ಕಂಡ ರೈತರಿಗೆ ಸೋಡಿಯಂ ಹೆಚ್ಚಾದರೆ ಮಣ್ಣು ಏನಾಗುತ್ತದೆ ಎಂದು ಹೇಳಿಕೊಡಬೇಕಿಲ್ಲ. ಆದರೂ 50 ಗ್ರಾಂ ಬಾರ್ ಸೋಪಿನಲ್ಲಿ ಸೋಡಿಯಂ ಇರುವುದು ಹೆಚ್ಚೆಂದರೆ 4 ಗ್ರಾಂ. ನೆಲದ ಗಿಡಕ್ಕೆ ಅದು ಲೆಕ್ಕಕ್ಕಿಲ್ಲ. ಕುಂಡದ ಗಿಡಕ್ಕೆ ವಾರವಾರವೂ ಸಿಂಪಡಿಸುವಾಗ ಮಾತ್ರ ದ್ರಾವಣ ಬುಡಕ್ಕೆ ಇಳಿಯದಂತೆ ಮಣ್ಣಿನ ಮೇಲೆ ಒಂದು ಹಳೆಯ ಬಟ್ಟೆ ಹಾಸುವುದು ಒಳ್ಳೆಯದು.

ಅಂಗಡಿಯಲ್ಲಿ ಸೋಪೆಂದು ಸಿಗುವುದೆಲ್ಲ ಸೋಪಲ್ಲ. ಬಟ್ಟೆ ತೊಳೆಯುವ ಪುಡಿ, ಪಾತ್ರೆ ತಿಕ್ಕುವ ದ್ರವ, ಡಿಟರ್ಜೆಂಟ್ ಬಿಲ್ಲೆ ಇವೆಲ್ಲ ಕೃತಕ ಮಾರ್ಜಕಗಳು. ಪುಡಿಯಲ್ಲಿ ಮಾರ್ಜಕದ ಜೊತೆ ಸೋಡಾ ಇರುತ್ತದೆ, ಕೆಲವದರಲ್ಲಿ ಬಟ್ಟೆ ಬಿಳಿಯಾಗಿಸುವ ಬ್ಲೀಚ್ ಕೂಡ ಇರುತ್ತದೆ. ಅವು ಎಲೆಯ ಮೇಲಿನ ಮೇಣವನ್ನು ಕಿತ್ತು ಅಂಚನ್ನು ಸುಡುತ್ತವೆ. ಒಂದು ಹಿಡಿ ಪುಡಿ ಬಕೆಟ್ಟಿಗೆ ಹಾಕಿ ಕದಡಿ ಗಿಡಕ್ಕೆ ಎರಚುವ ರೂಢಿಯನ್ನು ಬಿಡಲೇಬೇಕು. ಮೈಸೋಪು ಕೊಳ್ಳುವಾಗ ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಬರೆದ ಶೇಕಡಾವಾರು ನೋಡಬೇಕು. ಅದು ಒಟ್ಟು ಕೊಬ್ಬಿನಂಶ. 76ಕ್ಕೆ ಮೇಲ್ಪಟ್ಟದ್ದು ಮೊದಲ ದರ್ಜೆಯದು. ಬಣ್ಣ, ಸುವಾಸನೆ ಹೆಚ್ಚಿಲ್ಲದ ಖಾದಿ ಭಂಡಾರದ ಬಾರ್ ಸೋಪು ಈ ಕೆಲಸಕ್ಕೆ ಒಪ್ಪುತ್ತದೆ.

ಇನ್ನು ನೀರಿನ ವಿಷಯ. ಈ ಭಾಗದ ಮನೆಗಳಲ್ಲಿ ಹೊಳೆ ನೀರು ಮತ್ತು ಬೋರಿನ ನೀರಿನ ವ್ಯತ್ಯಾಸ ಅಡುಗೆಮನೆಗೆ ಚೆನ್ನಾಗಿ ಗೊತ್ತು: ಬೋರಿನ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲವನ್ನು ಹಿಡಿದು ಕರಗದ ಗಸಿಯಾಗಿಸುತ್ತವೆ. ಗಸಿಗೆ ಹುಳುವನ್ನು ಕೊಲ್ಲುವ ಗುಣವಿಲ್ಲ, ಪಂಪಿನ ತೂತು ಮುಚ್ಚುವ ಗುಣ ಮಾತ್ರ ಇದೆ. ಲೆಕ್ಕ ಹಾಕಿದರೆ ನಷ್ಟದ ಅಳತೆ ಸಿಗುತ್ತದೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನದ ನೀರು ಸುಮಾರು 3 ಗ್ರಾಂ ಸೋಪನ್ನು ನುಂಗುತ್ತದೆ. 5 ಗ್ರಾಂ ಹಾಕಿದವರಿಗೆ ಕೆಲಸಕ್ಕೆ ಉಳಿಯುವುದು 2 ಗ್ರಾಂ ಮಾತ್ರ. ಗಾಜಿನ ಬಾಟಲಿಯಲ್ಲಿ ಸೋಪು ಕರಗಿಸಿ ಕಾಲು ಗಂಟೆ ಅಲುಗಿಸದೆ ಇಟ್ಟರೆ ಪರೀಕ್ಷೆ ಮುಗಿಯಿತು. ನೀರು ಒಂದೇ ಸಮ ಹಾಲಿನಂತೆ ಇದ್ದರೆ ಸರಿ. ಮೇಲೆ ಮೊಸರಿನ ಚೂರುಗಳಂತೆ ತೇಲಿದರೆ ಆ ನೀರು ಬೇಡ. ಮಳೆನೀರು, ನಲ್ಲಿಯಲ್ಲಿ ಬರುವ ಹೊಳೆ ನೀರು ಅಥವಾ ಕಾಲುವೆ ನೀರು ಬಳಸಬಹುದು. ಮಳೆಗಾಲದ ಕೆಂಪು ಕಾಲುವೆ ನೀರನ್ನು ರಾತ್ರಿಯಿಡೀ ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಬೇಕು.

ದ್ರಾವಣ ಮಾಡುವ ಕ್ರಮ ಸುಲಭ. 5ರಿಂದ 10 ಗ್ರಾಂ ಸೋಪನ್ನು ತುರಿದು, ಒಂದು ಲೋಟ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ತಣಿದ ಮೇಲೆ ಒಂದು ಲೀಟರ್ ಆಗುವಷ್ಟು ನೀರು ಬೆರೆಸಿ, ಸೋಸಿ, ಅಂದೇ ಬಳಸುವುದು. 20 ಗ್ರಾಂ ದಾಟಿದರೆ ಎಲೆ ಸುಡುವ ಅಪಾಯ ಹೆಚ್ಚು. ವಿನೆಗರ್, ನಿಂಬೆರಸ ಬೆರೆಸಬಾರದು, ಹುಳಿ ಬಿದ್ದರೆ ಸೋಪು ಒಡೆಯುತ್ತದೆ. ಬೇವಿನೆಣ್ಣೆ ಬೆರೆಸಬಹುದು: 5 ಮಿಲಿಲೀಟರ್ ಎಣ್ಣೆಯನ್ನು ಮೊದಲು ಸೋಪಿನ ನೀರಿನಲ್ಲಿ ಚೆನ್ನಾಗಿ ಕಡೆದು ಆಮೇಲೆ ಉಳಿದ ನೀರು ಸೇರಿಸಬೇಕು. ಒಂದು ಗಿಡದ ನಾಲ್ಕೈದು ಎಲೆಗೆ ಹೊಡೆದು ಎರಡು ದಿನ ಕಾದು ನೋಡಿ, ಕಂದು ಚುಕ್ಕೆ ಬರದಿದ್ದರೆ ಮುಂದುವರಿಯುವುದು ಲೇಸು. ಎಳೆ ಸಸಿ, ನೀರಿಲ್ಲದೆ ಬಾಡಿದ ಗಿಡ ಮತ್ತು ಫರ್ನ್‌ಗಳಿಗೆ ಸೋಪು ತಾಗಿಸಬಾರದು.

ಹೊತ್ತನ್ನು ಬಿಸಿಲು ನಿರ್ಧರಿಸುತ್ತದೆ. ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಸೋಪು ಸಿಂಪಡಿಸುವುದು ಎಲೆಗೆ ಅಪಾಯ. ಹೊಸಪೇಟೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ಸಾಮಾನ್ಯ. ಬೆಳಗಿನ ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತದೆ. ಬಿಸಿ ಗಾಳಿಗೆ ಹನಿ ಕೆಲವೇ ನಿಮಿಷಗಳಲ್ಲಿ ಒಣಗಿದರೆ ಹುಳುವೂ ಉಳಿಯುತ್ತದೆ, ಎಲೆಯೂ ಸುಡುತ್ತದೆ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲಿನ ಹೊತ್ತು, ಚಳಿಗಾಲದಲ್ಲಿ ಮುಂಜಾನೆ ಅಥವಾ ಇಳಿಸಂಜೆ ಇದಕ್ಕೆ ಸೂಕ್ತ. ಆಗ ಜೇನುಹುಳುಗಳೂ ಹೂವಿನ ಮೇಲೆ ಇರುವುದಿಲ್ಲ. ಎಲೆಯ ಬೆನ್ನು ತೋಯಬೇಕು, ಏಕೆಂದರೆ ಹೇನು, ನುಸಿ, ಬಿಳಿನೊಣಗಳ ಸಂಸಾರವೆಲ್ಲ ಅಲ್ಲಿರುತ್ತದೆ. ಎಡಗೈಯಲ್ಲಿ ಕೊಂಬೆಯನ್ನು ಬಗ್ಗಿಸಿ ಕೆಳಗಿನಿಂದ ಮೇಲಕ್ಕೆ ಹೊಡೆಯುವುದು ರೂಢಿಯಾಗಬೇಕು. ಮೊಟ್ಟೆಗಳು ಸೋಪಿಗೆ ಸುಲಭಕ್ಕೆ ಸಾಯುವುದಿಲ್ಲ, ಹೇನಂತೂ ಗಂಡಿನ ಸಂಗವಿಲ್ಲದೆ ಮರಿ ಹಾಕಿ ಒಂದು ವಾರ ಹತ್ತು ದಿನದಲ್ಲಿ ಇನ್ನೊಂದು ತಲೆಮಾರನ್ನು ಎಬ್ಬಿಸುತ್ತದೆ. ಆದ್ದರಿಂದ ಐದಾರು ದಿನಗಳ ಅಂತರದಲ್ಲಿ ಎರಡು ಮೂರು ಸಲ ಸಿಂಪಡಿಸದೆ ಫಲವಿಲ್ಲ. ತರಕಾರಿಯನ್ನು ಕೊಯ್ದ ಮೇಲೆ ಚೆನ್ನಾಗಿ ತೊಳೆದು ಬಳಸಬೇಕು.

ಸಂಡೂರಿನ ಅದಿರು ಸಾಗಣೆಯ ದಾರಿಗಳ ಪಕ್ಕದ ಗಿಡಗಳಿಗೆ ಇನ್ನೊಂದು ತೊಡಕಿದೆ. ಎಲೆಯ ಮೇಲೆ ಕೂರುವ ಧೂಳು ಜೇಡನುಸಿಗೆ ಅನುಕೂಲ, ಅದನ್ನು ತಿನ್ನುವ ಪರಭಕ್ಷಕ ಕೀಟಗಳಿಗೆ ಅಡ್ಡಿ. ಅಂಥ ಕಡೆ ಮೊದಲು ಬರೀ ನೀರಿನಿಂದ ಎಲೆ ತೊಳೆಯಬೇಕು. ಎಷ್ಟೋ ಸಲ ಆ ತೊಳೆತಕ್ಕೇ ನುಸಿ ಇಳಿಯುತ್ತದೆ.

ಹೊಲಕ್ಕೆ ಸೋಪು ಎಲ್ಲಿ ಸಾಲದು ಎಂಬುದನ್ನು 2021ರ ಮೆಣಸಿನ ಬೆಳೆ ತೋರಿಸಿತು. ಆ ವರ್ಷ ದಕ್ಷಿಣ ರಾಜ್ಯಗಳ ಮೆಣಸಿನಗಿಡಗಳಿಗೆ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊಸ ಕೀಟ ಮುತ್ತಿತು. ಅದು ಹೂವಿನ ಒಳಗೆ ಹೊಕ್ಕು ಕೂರುತ್ತದೆ. ಮುಟ್ಟಿ ಕೊಲ್ಲುವ ಔಷಧಕ್ಕೆ ಸಿಗುವುದಿಲ್ಲ. ಸೋಪು ಹಿತ್ತಲಿಗೆ, ಕುಂಡಕ್ಕೆ, ಕೈಗೆ ಎಟಕುವ ಗಿಡಕ್ಕೆ ಹೇಳಿದ ಔಷಧ. ಎಕರೆಗಟ್ಟಲೆ ಬೆಳೆಗೆ ಒಂದೊಂದೇ ಎಲೆಯ ಬೆನ್ನು ತೋಯಿಸಲು ಆಗುವುದಿಲ್ಲ.

ಹುಳುಗಳನ್ನು ತಿನ್ನುವ ಹುಳುಗಳನ್ನೂ ಸೋಪು ಬಿಡುವುದಿಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಕರ್ನಾಟಕಕ್ಕೂ ಹಬ್ಬಿ ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳಗಳನ್ನು ಹಾಳುಮಾಡಿತ್ತು. ಅದನ್ನು ತಗ್ಗಿಸಿದ್ದು ಯಾವ ಸಿಂಪಡಣೆಯೂ ಅಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ತಂದು ಬಿಟ್ಟ ಅಸೆರೋಫೇಗಸ್ ಪಪಾಯೆ ಎಂಬ ಪುಟ್ಟ ಪರಾವಲಂಬಿ ಕಣಜ ಆ ಕೆಲಸ ಮಾಡಿತು. ಹಿಟ್ಟು ತಿಗಣೆಯನ್ನು ಮೇಯುವ ಇನ್ನೊಂದು ಜೀವಿ 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ಬಂದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು. ಅದರ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳಿರುವುದರಿಂದ ನೋಡಿದವರು ದೊಡ್ಡ ಹಿಟ್ಟು ತಿಗಣೆ ಎಂದೇ ತಿಳಿದು ಕೊಲ್ಲುತ್ತಾರೆ. ವ್ಯತ್ಯಾಸ ತಿಳಿಯಲು ಒಂದು ಕಡ್ಡಿ ಸಾಕು. ತಿಗಣೆ ಮುಟ್ಟಿದರೂ ಕೂತಲ್ಲಿಂದ ಅಷ್ಟಾಗಿ ಕದಲುವುದಿಲ್ಲ, ಎಳೆಗಳು ಗಿಡ್ಡ. ಕ್ರಿಪ್ಟೋಲೀಮಸ್ ಮರಿಯ ಎಳೆಗಳು ಉದ್ದ, ಮುಟ್ಟಿದರೆ ಚುರುಕಾಗಿ ಓಡುತ್ತದೆ. ಪಂಪು ಕೈಗೆತ್ತಿಕೊಳ್ಳುವ ಮುನ್ನ ಕುಡಿಯನ್ನು ಹೀಗೊಮ್ಮೆ ಮುಟ್ಟಿ ನೋಡಿ. ಓಡುವ ಬಿಳಿ ಮರಿ ಕಂಡ ಕೊಂಬೆಗೆ ಸೋಪು ಹೊಡೆಯಬೇಡಿ.